ಕರಟದ ಗಳಿಗೆ ಬಟ್ಟಲು: ನಾಲ್ಕು-ಐದನೇ ತರಗತಿ ಮಕ್ಕಳ ಜೊತೆ ಮಾಡಿದ ಕೆಲಸದ ದಾಖಲೆ

ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯ 26 ಮಕ್ಕಳು ತಲಾ ಒಂದೊಂದು ಗಳಿಗೆ ಬಟ್ಟಲು ಮಾಡಿ ಮುಗಿಸಿದ್ದಾರೆ. ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅಂತ ಬರೆದಿಡುತ್ತಿದ್ದೇನೆ. ಬೇರೆ ಶಾಲೆಯಲ್ಲಿ ಮಾಡುವವರಿಗೆ ಅನುಕೂಲವಾಗಲಿ.

ಗಳಿಗೆ ಬಟ್ಟಲು ಅಂದರೆ ತಳದಲ್ಲಿ ಸಣ್ಣ ತೂತಿರುವ ಬಟ್ಟಲು. ನೀರಿನ ಮೇಲೆ ಖಾಲಿಯಾಗಿ ತೇಲಿಬಿಡಬೇಕು. ತೂತಿನಿಂದ ನೀರು ಒಳಗೆ ಬಂದು, ತುಂಬಿ, ಸರಿಯಾಗಿ ಒಂದು ಗಳಿಗೆಗೆ ಮುಳುಗಬೇಕು. ಒಂದು ಗಳಿಗೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ಖಗೋಳದ ಹಳೆಯ ಸಂಸ್ಕೃತ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಇದಕ್ಕೆ ಕಪಾಲ ಯಂತ್ರ ಅನ್ನುವ ಹೆಸರಿದೆ. ತಾಮ್ರದ ಪಾತ್ರೆ, ಕೆಳಗೆ ತೂತು, ಕೊಳೆಯಿಲ್ಲದ ನೀರಿರುವ ಕುಂಡ, ಹಗಲು ರಾತ್ರಿ ಸೇರಿ ಅರವತ್ತು ಸಲ ಮುಳುಗಬೇಕು. ಇಷ್ಟೇ ವಿವರ. ತೂತು ಎಷ್ಟು ದಪ್ಪ ಅಂತ ಅಲ್ಲಿಲ್ಲ. ಅದನ್ನು ಮಾಡಿ ನೋಡಿಯೇ ಕಂಡುಕೊಳ್ಳಬೇಕು, ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸ ಬೇಕಾ?

ಒಂದೇ ದಿನದಲ್ಲಿ ಹತ್ತು ಪ್ರಯೋಗ ತೋರಿಸುವ ಕಾರ್ಯಾಗಾರಗಳು ನನಗೆ ಇಷ್ಟವಿಲ್ಲ. ದೊಡ್ಡವರು ಮಾಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸಂಜೆಗೆ ಸಾಮಾನು ವ್ಯಾನ್ ಹತ್ತುತ್ತದೆ. ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದೇ ಕೆಲಸ ಸಾಕು, ಆದರೆ ಪ್ರತಿ ಮಗುವಿಗೂ ತನ್ನದೇ ಒಂದು ಇರಬೇಕು. ಅದು ಕೆಡಬೇಕು, ಕೆಟ್ಟದ್ದನ್ನು ಅವರೇ ಸರಿಮಾಡಬೇಕು. ಈ ಸಲ ಆ ಹಟಕ್ಕೇ ಬಿದ್ದೆವು.

ಹಂತ 1: ಕರಟ ಹುಡುಕಿದ್ದು

ತಿಪಟೂರಿನಲ್ಲಿ ಕರಟಕ್ಕೆ ಏನು ಬರ, ಅನ್ನಿಸುತ್ತದೆ. ಕೊಬ್ಬರಿ ಸುಲಿಯುವ ಕಡೆ ಹೋದರೆ ಕರಟದ ಗುಡ್ಡೆಯೇ ಇರುತ್ತದೆ. ಆದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಆಗುವುದು ಉಂಡೆ ಕೊಬ್ಬರಿ. ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು, ಒಳಗೆ ಕೊಬ್ಬರಿ ಒಣಗಿ ಬಿಟ್ಟುಕೊಂಡ ಮೇಲೆ, ಉಂಡೆಗೆ ಪೆಟ್ಟಾಗದ ಹಾಗೆ ಕರಟವನ್ನು ಒಡೆದು ತೆಗೆಯುತ್ತಾರೆ. ಉಂಡೆ ಇಡಿಯಾಗಿ ಬರುತ್ತದೆ, ಕರಟ ಚೂರುಚೂರು. ಒಂದು ಚೀಲ ತುಂಬಿಸಿಕೊಂಡು ಬಂದು ಹುಡುಕಿದರೆ ಬಟ್ಟಲಾಗುವಂಥದ್ದು ಒಂದೂ ಇರಲಿಲ್ಲ.

ನಮಗೆ ಬೇಕಾದದ್ದು ಹಸಿ ಕಾಯಿ ಎರಡು ಹೋಳಾಗಿ ಒಡೆದ ಕರಟ. ಅದು ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲೇ ಇತ್ತು. ಅಡುಗೆ ಮಾಡುವ ಅಕ್ಕನನ್ನು ಕೇಳಿದಾಗ, "ಚಿಪ್ಪು ಯಾಕೆ ಸಾರ್? ದಿನಾ ಒಲೆಗೆ ಹಾಕ್ತೀವಲ್ಲ" ಅಂದರು. ಒಲೆಗೆ ಹಾಕದೆ ಎತ್ತಿಡಲು ಒಪ್ಪಿದರು. ತುರಿದ ಮೇಲೆ ಉಳಿಯುವ ಹೋಳು, ಬಾಯಿ ಜಾಸ್ತಿ ಮುರಿದಿರಬಾರದು, ಸೀಳು ಬಿಟ್ಟಿರಬಾರದು. ಸಾಲದೆ ಬಂದದ್ದನ್ನು ಮಕ್ಕಳು ಮನೆಯಿಂದ ತಂದರು.

ಎರಡು ಎಚ್ಚರಿಕೆ. ತುರಿದ ಕರಟದಲ್ಲಿ ಕಾಯಿಯ ಅಂಶ ಉಳಿದಿರುತ್ತದೆ. ಹಾಗೇ ಚೀಲದಲ್ಲಿ ಕಟ್ಟಿಟ್ಟರೆ ಕೊಳೆತು ನಾರುತ್ತದೆ, ಇರುವೆ ಮುತ್ತುತ್ತದೆ. ನಮ್ಮ ಮೊದಲ ಚೀಲ ಹೀಗೇ ತಿಪ್ಪೆ ಸೇರಿತು. ಆಮೇಲಿಂದ ಅವತ್ತಿನ ಕರಟವನ್ನು ಅವತ್ತೇ ನೀರಲ್ಲಿ ನೆನೆಹಾಕಿ, ಸ್ಟೀಲ್ ಚಮಚದಲ್ಲಿ ಕೆರೆದು, ಬೋರಲು ಹಾಕಿ ನೆರಳಲ್ಲಿ ಒಣಗಿಸಿದೆವು. ಬಿಸಿಲಲ್ಲಿ ಒಣಗಿಸಿದವುಗಳಲ್ಲಿ ಕೆಲವು ಅಂಚಿನಿಂದ ಸೀಳಿದವು. ಸೀಳು ಕೂದಲೆಳೆಯಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನೀರು ತುಂಬಿ ಒಂದು ಹಾಳೆಯ ಮೇಲೆ ಐದು ನಿಮಿಷ ಇಟ್ಟರೆ ಹಾಳೆ ಒದ್ದೆಯಾಗಿ ಗೊತ್ತಾಗುತ್ತದೆ.

ಇನ್ನೊಂದು, ಕಣ್ಣಿರುವ ಹೋಳನ್ನು ಬಿಸಾಡಬೇಡಿ. "ಇದರಲ್ಲಿ ಮೊದಲೇ ತೂತಿದೆ" ಅಂತ ಶುರುವಿನಲ್ಲಿ ಅವನ್ನೆಲ್ಲ ಒಲೆಗೆ ಕಳಿಸಿದ್ದೆವು. ಆಮೇಲೆ ಅವೇ ಎಲ್ಲಕ್ಕಿಂತ ಚೆನ್ನಾಗಿ ಒದಗಿದವು. ಯಾಕೆ ಅಂತ ಮುಂದೆ ಬರುತ್ತದೆ.

ಹಂತ 2: ನಾರು ಮತ್ತು ಅಂಚು

ಕರಟದ ಹೊರಗಿನ ನಾರನ್ನು ಪೂರ್ತಿ ತೆಗೆಯಬೇಕು. ಇದು ಅಂದಕ್ಕಲ್ಲ. ನಾರಿನಲ್ಲಿ ಗಾಳಿ ಸಿಕ್ಕಿಕೊಂಡು ಕರಟ ತೇಲುತ್ತಲೇ ಇರುತ್ತದೆ. ಮೊದಲು ಚೂಪು ಕಲ್ಲಿನಿಂದ ಕೆರೆದು, ಆಮೇಲೆ 60 ನಂಬರಿನ ಮರಳು ಕಾಗದ ಹಾಕಿದೆವು. ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ ನಾಲ್ವರಿಗೆ ಹಂಚಿದರೆ ಸಾಕಾಗುತ್ತದೆ. ಧೂಳು ಜಾಸ್ತಿ ಬರುತ್ತದೆ. ಹೊರಗೆ ಮರದ ಕೆಳಗೆ ಕೂತು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಮಾಡಿದರು.

ಅಂಚು ಸಮ ಮಾಡುವುದು ಮಕ್ಕಳಿಗೆ ಬಹಳ ಹಿಡಿಸಿದ ಕೆಲಸ. ಮಚ್ಚಿನಲ್ಲಿ ಒಡೆದ ಕಾಯಿಯ ಬಾಯಿ ಏರುತಗ್ಗಾಗಿರುತ್ತದೆ. ನೀರು ಮೇಲೆ ಬಂದಾಗ ತಗ್ಗಿರುವ ಕಡೆಯಿಂದ ಒಳಗೆ ನುಗ್ಗಿ, ಬಟ್ಟಲು ತುಂಬುವ ಮೊದಲೇ ಮುಳುಗುತ್ತದೆ. ಶಾಲೆಯ ಜಗಲಿಯ ಕಲ್ಲು ಚಪ್ಪಡಿಯ ಮೇಲೆ ಒಂದು ಹಿಡಿ ಮರಳು, ಸ್ವಲ್ಪ ನೀರು ಹಾಕಿ, ಕರಟವನ್ನು ಬೋರಲಿಟ್ಟು ಸುತ್ತಿಸುತ್ತಾ ಉಜ್ಜಿದರು. ಹತ್ತು-ಹದಿನೈದು ನಿಮಿಷಕ್ಕೆ ಅಂಚು ಸಮವಾಗುತ್ತದೆ. ಪರೀಕ್ಷೆ ಹೀಗೆ: ಸ್ಲೇಟಿನ ಮೇಲೆ ಬೋರಲಿಟ್ಟು, ಆಚೆಯಿಂದ ಮೊಬೈಲ್ ಟಾರ್ಚ್ ಹಿಡಿದು, ಈಚೆಯಿಂದ ನೋಡಬೇಕು. ಬೆಳಕು ಸೋರಿದರೆ ಇನ್ನೂ ಉಜ್ಜಬೇಕು. ಒಬ್ಬರದ್ದನ್ನು ಇನ್ನೊಬ್ಬರು ಪರೀಕ್ಷೆ ಮಾಡಬೇಕು ಅಂತ ನಿಯಮ ಮಾಡಿದ್ದರಿಂದ ಯಾರಿಗೂ ರಿಯಾಯಿತಿ ಸಿಗಲಿಲ್ಲ.

ಆಮೇಲೆ ಪ್ರತಿ ಕರಟದ ಒಳಗೆ ಎಷ್ಟು ನೀರು ಹಿಡಿಯುತ್ತದೆ ಅಂತ ಸೂಜಿಯಿಲ್ಲದ 60 ಮಿ.ಲೀ. ಸಿರಿಂಜಿನಲ್ಲಿ ಅಳೆದೆವು. 210ರಿಂದ 280 ಮಿ.ಲೀ. ಒಳಗೆ ಬಂತು. ಅಡುಗೆಮನೆಯ ತಕ್ಕಡಿಯಲ್ಲಿ ತೂಕ 60ರಿಂದ 85 ಗ್ರಾಂ. ಕರಟದ ಮೇಲೆ ಹೆಸರು, ಅಳತೆ, ತೂಕವನ್ನು ಮಾರ್ಕರ್ ಪೆನ್ನಿನಲ್ಲಿ ಬರೆದುಕೊಂಡರು.

ಹಂತ 3: ತೂತು

ಹೆಚ್ಚು ಹೊತ್ತು, ಹೆಚ್ಚು ಸಾಮಾನು ಹೋದದ್ದು ಇಲ್ಲೇ.

ಮನೆಯಲ್ಲಿ ಮೊದಲು ದಬ್ಬಣ ಕಾಯಿಸಿ ತೂತು ಮಾಡಿ ನೋಡಿದೆ. ತೂತಾಗುತ್ತದೆ, ಆದರೆ ಸುಟ್ಟು ಅಗಲವಾಗುತ್ತದೆ. ಒಂದರಂತೆ ಇನ್ನೊಂದು ಆಗುವುದಿಲ್ಲ. ಕಾದ ದಬ್ಬಣವನ್ನು ಒಂಬತ್ತು ವರ್ಷದ ಮಗುವಿನ ಕೈಗೆ ಕೊಡುವ ಮಾತೇ ಇಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಆಮೇಲೆ ಕರೆಂಟ್ ಡ್ರಿಲ್ಲಿಗೆ 1 ಮಿ.ಮೀ. ಬಿಟ್ ಹಾಕಿದೆ. ಕರಟದ ಬೆನ್ನು ಗುಂಡಗಿರುವುದರಿಂದ ಬಿಟ್ ಜಾರುತ್ತದೆ, ಜಾರಿದರೆ ಪಟ್ ಅಂತ ಮುರಿಯುತ್ತದೆ. ಮೊದಲು ಕಂಪಾಸ್ ಮೊನೆಯಿಂದ ಒಂದು ಗುಳಿ ಮಾಡಿಕೊಂಡು, ಕರಟವನ್ನು ಮರಳು ತುಂಬಿದ ಸಣ್ಣ ಚೀಲದ ಮೇಲೆ ಒತ್ತಿ ಕೂರಿಸಿದ ಮೇಲೆ ಬಿಟ್ ಮುರಿಯುವುದು ನಿಂತಿತು. ತೂತು ಚೆನ್ನಾಗಿ ಬಂತು. ಆದರೆ ಇದರಲ್ಲಿ ಮಕ್ಕಳಿಗೆ ಏನು ಕೆಲಸ? ಬಟ್ಟಲಿನ ಜೀವವೇ ಆ ತೂತು. ಅದನ್ನು ನಾನು ಮನೆಯಲ್ಲಿ ಕೊರೆದು ತಂದು ಕೊಟ್ಟರೆ ಉಳಿದದ್ದು ಬರೀ ಉಜ್ಜುವ ಕೆಲಸ. ತೂತು ಹೆಚ್ಚುಕಮ್ಮಿ ಆದರೆ ಬದಲಿಸಲೂ ಆಗುವುದಿಲ್ಲ.

ಹಾಗಾಗಿ ಯೋಚನೆಯನ್ನೇ ಬದಲಾಯಿಸಿದೆ. ಕರಟದಲ್ಲಿ 6 ಮಿ.ಮೀ. ದೊಡ್ಡ ತೂತು ಮಾಡುವುದು. ಅದರ ಮೇಲೆ ತೆಳುವಾದ ತಗಡಿನ ತುಂಡು ಅಂಟಿಸುವುದು. ಆ ತಗಡಿಗೆ ಮಕ್ಕಳೇ ಸೂಜಿಯಿಂದ ಚುಚ್ಚುವುದು. ಕಣ್ಣಿರುವ ಹೋಳಾದರೆ ಡ್ರಿಲ್ ಬೇಕಾಗಿಯೇ ಇಲ್ಲ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆಯಿಂದ ಒತ್ತಿದರೆ ತೆರೆದುಕೊಳ್ಳುತ್ತದೆ. ಯಾವುದು ಮೆತ್ತನೆಯ ಕಣ್ಣು ಅಂತ ನಾನು ಹೇಳಿಕೊಡಬೇಕಾಗಲಿಲ್ಲ, ತೋಟದ ಮಕ್ಕಳಿಗೆ ಅದು ಗೊತ್ತು. ಒಲೆ ಸೇರುತ್ತಿದ್ದ ಹೋಳುಗಳನ್ನು ಅಡುಗೆ ಅಕ್ಕನಿಗೆ ಹೇಳಿ ಮತ್ತೆ ತೆಗೆದಿಡಿಸಿದ್ದು ಈಗಲೇ.

ತಗಡಿಗೆ ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆ ಹಾಕಿ ನೋಡಿದೆವು. ತೀರಾ ತೆಳು, ಸೂಜಿ ಚುಚ್ಚಿದರೆ ಹರಿಯುತ್ತದೆ. ಸೈಕಲ್ ಟ್ಯೂಬಿನ ತುಂಡು ಹಾಕಿದೆವು. ಸೂಜಿ ತೆಗೆದ ತಕ್ಷಣ ರಬ್ಬರ್ ಮುಚ್ಚಿಕೊಂಡುಬಿಡುತ್ತದೆ, ಹನಿ ನೀರು ಬರುವುದಿಲ್ಲ. ಕೊನೆಗೆ ಸರಿಹೋದದ್ದು ಹೋಟೆಲಿನಿಂದ ಪಾರ್ಸಲ್ ತರುವ ಅಲ್ಯೂಮಿನಿಯಂ ಡಬ್ಬದ ತಳ. ಕತ್ತರಿಯಲ್ಲಿ ಕತ್ತರಿಸಬಹುದು, ಸೂಜಿ ಚುಚ್ಚಿದರೆ ಗುಂಡಗೆ ತೂತಾಗುತ್ತದೆ. 2 ಸೆಂ.ಮೀ. ಚೌಕದ ತುಂಡುಗಳನ್ನು ಮಾಡಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಸೋಪು ಹಾಕಿ ತೊಳೆದುಕೊಂಡೆವು. ಮೂಲೆ ಚೂಪಾಗಿ ಬಿಟ್ಟರೆ ಬೆರಳು ಕೊಯ್ಯುತ್ತದೆ.

ಹಂತ 4: ಅಂಟು, ಮತ್ತು ಒಂದು ಗುಳ್ಳೆ

ಬಿಳಿ ಗೋಂದು ಹಾಕಿ ಅಂಟಿಸಿದ ತಗಡು ನೀರಿನಲ್ಲಿ ಹತ್ತು ನಿಮಿಷಕ್ಕೆ ಬಿಟ್ಟುಕೊಂಡಿತು. ಮೇಣವೂ ನಿಲ್ಲಲಿಲ್ಲ. ಕರಟ ನೀರು ಕುಡಿದ ಮೇಲೆ ಮೇಣ ಸಿಪ್ಪೆಯಾಗಿ ಏಳುತ್ತದೆ. ಪೈಪಿನ ಸೋರಿಕೆಗೆ ಕಲಸಿ ಮೆತ್ತುವ ಎಂ-ಸೀಲ್ ಅಂಟು ನಿಂತಿತು. ಅದನ್ನು ಮಕ್ಕಳು ಬರಿಗೈಯಲ್ಲಿ ಕಲಸಬಾರದು. ನಾನು ಮತ್ತು ತರಗತಿಯ ಮೇಡಂ ಗ್ಲೌಸ್ ಹಾಕಿಕೊಂಡು ಕಲಸಿ ಗೋಲಿ ಗಾತ್ರದ ಉಂಡೆ ಮಾಡಿ ಕೊಟ್ಟೆವು, ಮಕ್ಕಳು ಐಸ್‌ಕ್ರೀಂ ಕಡ್ಡಿ ಒದ್ದೆ ಮಾಡಿಕೊಂಡು ಒತ್ತಿದರು. ರಾತ್ರಿಯಿಡೀ ಗಟ್ಟಿಯಾಗಲು ಬಿಡಬೇಕು. ಹಾಗಾಗಿ ಇದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಮಧ್ಯೆ ಒಂದು ರಾತ್ರಿ ಇಟ್ಟುಕೊಂಡೇ ಯೋಜನೆ ಹಾಕಿ.

ಮೊದಲ ಕಂತಿನ ಬಟ್ಟಲುಗಳಿಗೆ ತಗಡನ್ನು ಒಳಗಡೆ ಅಂಟಿಸಿದ್ದೆವು. ಮುಳುಗಿದಾಗ ತಳಕ್ಕೆ ತಾಗದೆ ಇರಲಿ ಅಂತ. ಮೊದಲ ಸಲ ತೇಲಿಬಿಟ್ಟಾಗ ನೀರು ಬಂತು. ಖಾಲಿ ಮಾಡಿ ಎರಡನೇ ಸಲ ಬಿಟ್ಟರೆ ಹನಿಯೂ ಇಲ್ಲ. ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಅದೇ ಬಟ್ಟಲು ಒಂದು ಸಲ ಸರಿ, ಇನ್ನೊಂದು ಸಲ ಇಲ್ಲ. ತೂತಿನಲ್ಲಿ ಕಸ ಇದೆ ಅಂದುಕೊಂಡು ಎಲ್ಲವನ್ನೂ ಮತ್ತೆ ಚುಚ್ಚಿದೆವು. ತೂತು ದೊಡ್ಡದಾಯಿತೇ ಹೊರತು ಕಾಯಿಲೆ ಹೋಗಲಿಲ್ಲ.

ಕಾರಣ ಹಿಡಿದದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಕುಡಿಯುವ ನೀರಿನ 20 ಲೀಟರ್ ಕ್ಯಾನಿನ ಮೇಲ್ಭಾಗ ಕತ್ತರಿಸಿ ಒಂದು ತೊಟ್ಟಿ ಮಾಡಿದ್ದೆವು, ಪಕ್ಕದಿಂದ ಒಳಗೆ ಕಾಣುತ್ತದೆ. ಅವಳು ನೆಲದ ಮೇಲೆ ಅಡ್ಡ ಮಲಗಿ, ಕ್ಯಾನಿಗೆ ಕೆನ್ನೆ ಒತ್ತಿ, ಬಟ್ಟಲಿನ ಅಡಿಯನ್ನು ನೋಡುತ್ತಿದ್ದಳು. "ಸಾರ್, ತೂತಿನ ಕೆಳಗೆ ಗುಳ್ಳೆ ಕೂತಿದೆ. ಬೆಳ್ಳಗೆ ಹೊಳೀತಿದೆ" ಅಂದಳು. ನಾವೂ ಮಲಗಿ ನೋಡಿದೆವು. ಕರಟದ ದಪ್ಪ 4 ಮಿ.ಮೀ. ಅಷ್ಟು ಆಳದ ಗುಳಿಯ ಮೇಲೆ ತಗಡು ಮುಚ್ಚಳದ ಹಾಗೆ ಕೂತಿದೆ. ಬಟ್ಟಲನ್ನು ನೆಟ್ಟಗೆ ನೀರಿಗಿಟ್ಟಾಗ ಗುಳಿಯಲ್ಲಿದ್ದ ಗಾಳಿಗೆ ಹೋಗಲು ದಾರಿ ಇಲ್ಲ. ತೂತು ಒಣಗಿದ್ದರೆ ಅದರಿಂದಲೇ ಮೇಲೆ ಹೋಗುತ್ತದೆ. ತೂತಿನಲ್ಲಿ ಹನಿ ನೀರು ಕಟ್ಟಿಕೊಂಡಿದ್ದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮೊದಲ ಸಲ ಸರಿ, ಎರಡನೇ ಸಲ ಇಲ್ಲ. ಅವಳು ಬಟ್ಟಲನ್ನು ಓರೆ ಮಾಡಿದಳು, ಗುಳ್ಳೆ ಜಾರಿ ಹೊರಗೆ ಬಂತು, ನೀರು ಚಿಮ್ಮಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಆಮೇಲೆ ತಗಡನ್ನು ಹೊರಗಡೆಗೆ ಬದಲಾಯಿಸಿದೆವು. ಹೊರಗಿದ್ದರೆ ಅಡಿಯಲ್ಲಿ ಗುಳಿಯೇ ಇರುವುದಿಲ್ಲ. ಮುಳುಗಿದಾಗ ತಗಡು ಜಜ್ಜಿಹೋಗದಂತೆ ಸುತ್ತ ಎಂ-ಸೀಲಿನ ಮೂರು ಸಣ್ಣ ಕಾಲು, ಸುಮಾರು 8 ಮಿ.ಮೀ. ಎತ್ತರ. ಕಾಲು ಬಂದ ಮೇಲೆ ಬಟ್ಟಲು ಮೇಜಿನ ಮೇಲೂ ಉರುಳದೆ ಕೂರುತ್ತದೆ. ಅಂಟು ತಗಡಿನ ಅಂಚಿನಲ್ಲಿ ತೆಳುವಾಗಿರಲಿ. ದಪ್ಪ ಉಂಗುರ ಮಾಡಿದರೆ ಅದೇ ಒಂದು ಗುಳಿಯಾಗಿ ಮತ್ತೆ ಗುಳ್ಳೆ ಹಿಡಿಯುತ್ತದೆ. ಒಳಗೆ ಅಂಟಿಸಿದ್ದ ಬಟ್ಟಲುಗಳ ತಗಡನ್ನು ಉಳಿಯಿಂದ ಕಿತ್ತು ತೆಗೆಯುವಾಗ ಎರಡು ಕರಟ ಒಡೆದವು.

ತಗಡು ಹೊಸದಾಗಿ ಒಣಗಿದ್ದಾಗ ಇನ್ನೊಂದು ತೊಂದರೆ. ನೀರು ತೂತಿನಲ್ಲಿ ಉಬ್ಬಿ ನಿಂತುಬಿಡುತ್ತದೆ, ಒಳಗೆ ಹರಿಯುವುದಿಲ್ಲ. ತೇಲಿಬಿಡುವ ಮೊದಲು ಒಳಗಿನಿಂದ ತೂತಿನ ಮೇಲೆ ಎರಡು ಹನಿ ನೀರು ಬಿಟ್ಟರೆ ಸಾಕು.

ಹಂತ 5: ಮುಳುಗದ ಬಟ್ಟಲು, ವಾಲುವ ಬಟ್ಟಲು

"ಸಾರ್, ನಂದು ತುಂಬಿದೆ, ಆದ್ರೂ ಮುಳುಗ್ತಾನೇ ಇಲ್ಲ." ಅರ್ಧ ತರಗತಿಯ ದೂರು ಇದೇ. ಕರಟ ನೀರಿಗಿಂತ ಸ್ವಲ್ಪವೇ ಭಾರ. ಅಂಚು ನೀರಿನ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಒಳಗಡೆ ಎಂ-ಸೀಲಿನಲ್ಲಿ ಕಬ್ಬಿಣದ ವಾಷರ್ ಕೂರಿಸಿದೆವು. 12 ಮಿ.ಮೀ. ಬೋಲ್ಟಿನ ವಾಷರ್ ಎರಡರಿಂದ ಮೂರು ಹಾಕಿದರೆ ಮುಳುಗುತ್ತದೆ.

ವಾಷರ್ ಎಲ್ಲಿ ಕೂರಿಸಬೇಕು ಅನ್ನುವುದು ಮುಖ್ಯ. ಕರಟ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ದಪ್ಪ ಕಡೆಗೆ ವಾಲುತ್ತದೆ. ವಾಲಿದರೆ ಆ ಕಡೆಯಿಂದ ನೀರು ನುಗ್ಗುತ್ತದೆ. ಮೊದಲು ವಾಷರನ್ನು ಅಂಟಿಸದೆ ಸುಮ್ನೆ ಇಟ್ಟು ತೇಲಿಬಿಟ್ಟು, ಅಂಚು ಸಮವಾಗುವ ತನಕ ಸರಿಸಿ, ಗುರುತು ಹಾಕಿಕೊಂಡು ಆಮೇಲೆ ಅಂಟಿಸಬೇಕು. ಅವಸರದಲ್ಲಿ ನೇರ ಅಂಟಿಸಿದವರು ಎದುರು ಬದಿಗೆ ಇನ್ನೊಂದು ವಾಷರ್ ಹಾಕಿ ಸರಿಮಾಡಿಕೊಂಡರು. ಅದರಿಂದ ಬಟ್ಟಲು ಭಾರವಾಯಿತು, ಭಾರವಾದದ್ದು ಬೇಗ ಮುಳುಗುತ್ತದೆ ಅಂತಲೂ ಅವರಿಗೇ ಮೊದಲು ಗೊತ್ತಾಯಿತು.

ಹಂತ 6: ಯಾವ ಸೂಜಿ?

ಸೂಜಿಯ ದಪ್ಪ ಅಳೆಯಲು ನಮ್ಮ ಹತ್ತಿರ ಬೇರೆ ಸಾಧನ ಇರಲಿಲ್ಲ, ಬೇಕಾಗಲೂ ಇಲ್ಲ. ಹತ್ತು ಸೂಜಿಗಳನ್ನು ಪಕ್ಕಪಕ್ಕ ಒತ್ತಿಟ್ಟು ಸ್ಕೇಲಿನಲ್ಲಿ ಒಟ್ಟು ಅಗಲ ಅಳೆದು ಹತ್ತರಿಂದ ಭಾಗಿಸಿದರೆ ಆಯಿತು. ಗುಂಡುಸೂಜಿ ಹತ್ತಕ್ಕೆ 7 ಮಿ.ಮೀ. ಬಂತು, ಅಂದರೆ ಒಂದಕ್ಕೆ 0.7. ನಾವು ತಂದಿದ್ದ ಹೊಲಿಗೆ ಸೂಜಿ 1 ಮಿ.ಮೀ. ದಬ್ಬಣ 2 ಮಿ.ಮೀ. ದಶಮಾಂಶದ ಪಾಠ ಬೋರ್ಡಿನ ಮೇಲೆ ಆಗದ ಮಕ್ಕಳಿಗೂ ಇದು ತಕ್ಷಣ ಹಿಡಿಯಿತು.

ತಗಡಿನ ಕೆಳಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡಿಟ್ಟು, ಸೂಜಿಯ ಮಧ್ಯಭಾಗ ಬರುವ ತನಕ ನೆಟ್ಟಗೆ ಒತ್ತಬೇಕು. ಮೊನೆ ಮಾತ್ರ ಇಳಿಸಿ ತೆಗೆದರೆ ತೂತು ಸಣ್ಣದಾಗುತ್ತದೆ. ಚುಚ್ಚುವುದು ಅಂಟಿಸುವ ಮೊದಲೇ ಆಗಬೇಕು.

ಹೆಚ್ಚುಕಮ್ಮಿ ಒಂದೇ ಅಳತೆ, ಒಂದೇ ತೂಕದ ಮೂರು ಬಟ್ಟಲು ಆರಿಸಿ ಮೂರು ತೂತು ಮಾಡಿದೆವು. ಬಿಡುವ ಮೊದಲು ಎಲ್ಲರೂ ಅಂದಾಜು ಬರೆಯಬೇಕಿತ್ತು. ಹೊಲಿಗೆ ಸೂಜಿಯ ಬಟ್ಟಲು 23 ನಿಮಿಷಕ್ಕೆ ಮುಳುಗಿತು. ಎಲ್ಲರೂ ಕುಣಿದುಬಿಟ್ಟರು, 24ಕ್ಕೆ ಅಷ್ಟು ಹತ್ತಿರ. ಗುಂಡುಸೂಜಿಯದ್ದು 48 ನಿಮಿಷ ತೆಗೆದುಕೊಂಡಿತು. ದಬ್ಬಣದ ಬಟ್ಟಲಿಗೆ ಬಹುತೇಕ ಎಲ್ಲರೂ 11 ಅಥವಾ 12 ಅಂತ ಬರೆದಿದ್ದರು. ತೂತು ಎರಡರಷ್ಟು ದಪ್ಪ, ಹೊತ್ತು ಅರ್ಧ ಅಲ್ವಾ? ಅದು ಐದೂವರೆ ನಿಮಿಷಕ್ಕೇ ಟಣ್ ಅಂತು. ಯಾರೋ ತಪ್ಪು ನೋಡಿದ್ದಾರೆ ಅಂತ ಜಗಳವಾಗಿ ಮತ್ತೆ ಬಿಟ್ಟರು, ಮತ್ತೆ ಅಷ್ಟೇ. ಆಗ ಚೌಕುಳಿ ಹಾಳೆಯ ಮೇಲೆ ಒಂದು ಮನೆ ಅಗಲದ ಚೌಕ, ಎರಡು ಮನೆ ಅಗಲದ ಚೌಕ ಬರೆಯಲು ಹೇಳಿದೆ. ದೊಡ್ಡದರೊಳಗೆ ಸಣ್ಣವು ನಾಲ್ಕು ಕೂರುತ್ತವೆ. ಐದನೇ ತರಗತಿಯ ಹುಡುಗನೊಬ್ಬ 23ನ್ನು ನಾಲ್ಕರಿಂದ ಭಾಗಿಸಿ ಐದೂಮುಕ್ಕಾಲು ಅಂತ ತಾನೇ ಹೇಳಿದ. ನಾನು ಅಷ್ಟಕ್ಕೇ ಬಿಟ್ಟೆ.

ಆ ಟಣ್ ಶಬ್ದಕ್ಕೆ ಬಕೆಟ್ಟಿನ ತಳದಲ್ಲಿ ಊಟದ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿದ್ದೆವು. ಇಲ್ಲದಿದ್ದರೆ ಬಟ್ಟಲು ಸದ್ದಿಲ್ಲದೆ ಮುಳುಗುತ್ತದೆ, ಯಾರೂ ಗಮನಿಸುವುದಿಲ್ಲ. ನೀರು ತಟ್ಟೆಯ ಮೇಲೆ ಕನಿಷ್ಠ ಒಂದು ಗೇಣು ಇರಬೇಕು.

ಹಂತ 7: 24ಕ್ಕೆ ತರುವುದು

ಇಲ್ಲಿ ಒಂದೇ ಸೂತ್ರ: ಸಣ್ಣ ತೂತಿನಿಂದ ಶುರು ಮಾಡಿ. ತೂತು ದೊಡ್ಡದು ಮಾಡಬಹುದು, ಸಣ್ಣದು ಮಾಡಲಾಗುವುದಿಲ್ಲ. ಹೊಲಿಗೆ ಸೂಜಿಯಿಂದಲೇ ಎಲ್ಲರೂ ಚುಚ್ಚಿದ್ದರೂ ಕರಟದ ಗಾತ್ರ ಬೇರೆಬೇರೆ ಇದ್ದದ್ದರಿಂದ 17ರಿಂದ 31 ನಿಮಿಷದವರೆಗೆ ಹರಡಿಕೊಂಡಿತ್ತು. ನಿಧಾನವಾದವರು ಸೂಜಿಯನ್ನು ತೂತಿನಲ್ಲಿಟ್ಟು ಒಂದು ಸುತ್ತು ತಿರುಗಿಸಿದರು, ಅಥವಾ ಒಂದು ವಾಷರ್ ಹೆಚ್ಚು ಹಾಕಿದರು. ಬೇಗ ಮುಳುಗುವವರಿಗೆ ತಗಡು ಬದಲಿಸದೆ ದಾರಿ ಇರಲಿಲ್ಲ. ಅವರು ಇನ್ನೊಂದು ರಾತ್ರಿ ಕಾಯಬೇಕಾಯಿತು. ಅತ್ತವರೂ ಇದ್ದರು. ಮೇಡಂ ಅವರ ಪಕ್ಕ ಕೂತು ತಾವೇ ಒಂದು ಬಟ್ಟಲಿನ ತಗಡು ಬದಲಿಸಿದ ಮೇಲೆ ಸಮಾಧಾನವಾಯಿತು.

24 ನಿಮಿಷ ಸುಮ್ನೆ ಕೂರುವುದು ಮಕ್ಕಳ ಕೈಲಿ ಆಗದ ಮಾತು. ಕಾಯುವ ಹೊತ್ತಿಗೆ ಕೆಲಸ ಕೊಡಲೇಬೇಕು. ಐದು ನಿಮಿಷಕ್ಕೊಮ್ಮೆ ಬಟ್ಟಲು ಎಷ್ಟು ಇಳಿದಿದೆ ಅಂತ ಚಿತ್ರ ಬರೆಯುವುದು, ಒಂದು ಗಂಟೆಗೆ ಎಷ್ಟು ಗಳಿಗೆ, ಮೂರು ಗಂಟೆಯ ಒಂದು ಜಾವಕ್ಕೆ ಎಷ್ಟು ಅಂತ ಲೆಕ್ಕ ಹಾಕುವುದು. ಒಂದು ಗಂಟೆಗೆ ಎರಡೂವರೆ, ಒಂದು ಜಾವಕ್ಕೆ ಏಳೂವರೆ. ರಾಹುಕಾಲದ ಒಂದೂವರೆ ಗಂಟೆಗೆ ಮೂರೂಮುಕ್ಕಾಲು. ಅಜ್ಜಿಯ ಬಾಯಲ್ಲಿ ಕೇಳಿದ್ದ ಲೆಕ್ಕ ಇದು ಅಂತ ಕೆಲವರಿಗೆ ಹೊಳೆಯಿತು. ಮಗುವನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮದುವೆ ಮುಹೂರ್ತಕ್ಕೆ ತಾಮ್ರದ ಗಳಿಗೆ ಬಟ್ಟಲು ಇಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಮುಳುಗುವ ತನಕ ಅವರು ಏಳಲಿಲ್ಲ.

ನಡುವೆ ಒಂದು ದಿನ ಎಲ್ಲ ಬಟ್ಟಲುಗಳೂ ಒಟ್ಟಿಗೆ ನಿಧಾನವಾದವು. 24 ಇದ್ದದ್ದು 29, 30 ಆಯಿತು. ಎರಡು ಬಟ್ಟಲು ಅರ್ಧಕ್ಕೇ ನಿಂತವು. ಅವತ್ತು ನೀರು ತಂದದ್ದು ಟ್ಯಾಂಕಿನ ತಳದಿಂದ. ಸಣ್ಣ ಮಣ್ಣಿನ ಕಣ ತೂತಿಗೆ ಕೂತಿತ್ತು. ಸೂರ್ಯಸಿದ್ಧಾಂತದವರು ಕೊಳೆಯಿಲ್ಲದ ನೀರು ಅಂತ ಬರೆದದ್ದು ಮಡಿಗಾಗಿ ಅಂತ ನಾನು ಅಂದುಕೊಂಡಿದ್ದೆ. ಬಟ್ಟಲು ಇಟ್ಟು ನೋಡಿದವರು ಬರೆದ ಮಾತು ಅದು. ಅವತ್ತಿನಿಂದ ನೀರನ್ನು ಎರಡು ಮಡಿಕೆ ಪಂಚೆ ಬಟ್ಟೆಯಲ್ಲಿ ಸೋಸಿಯೇ ಹಾಕಿದೆವು.

ಹಂತ 8: ಒಂದು ಇಡೀ ಶಾಲಾ ದಿನ

ಬೆಳಿಗ್ಗೆ 10ಕ್ಕೆ ಬಟ್ಟಲು ತೇಲಿಬಿಟ್ಟು, ಟಣ್ ಅಂದಾಗ ತೆಗೆದು ಖಾಲಿ ಮಾಡಿ ಮತ್ತೆ ಬಿಡುವುದು. ಪ್ರತಿ ಸಲಕ್ಕೂ ಒಂದು ಹುಣಸೆ ಬೀಜ ಡಬ್ಬಕ್ಕೆ. ಗೋಡೆ ಗಡಿಯಾರಕ್ಕೆ ರಟ್ಟು ಮುಚ್ಚಿದೆವು. ಇಬ್ಬಿಬ್ಬರಂತೆ ಪಾಳಿ, ಊಟದ ಹೊತ್ತಿಗೂ ಬಿಡುವಿಲ್ಲ. ಹದಿನೈದನೇ ಬೀಜ ಬಿದ್ದಾಗ ಲೆಕ್ಕದ ಪ್ರಕಾರ 4 ಗಂಟೆ ಆಗಿರಬೇಕು. ರಟ್ಟು ತೆಗೆದು ನೋಡಿದರೆ 4 ಗಂಟೆ 7 ನಿಮಿಷ.

ಏಳು ನಿಮಿಷ ಎಲ್ಲಿ ಹೋಯಿತು? ಒಬ್ಬೊಬ್ಬರು ಒಂದೊಂದು ಪಾಳಿಯ ಮೇಲೆ ತಪ್ಪು ಹೊರಿಸಿದರು. ಆಮೇಲೆ ಬಟ್ಟಲು ತೆಗೆದು, ಸುರಿದು, ಎರಡು ಹನಿ ಬಿಟ್ಟು, ಮತ್ತೆ ತೇಲಿಸುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆದರು. ಸುಮಾರು 25 ಸೆಕೆಂಡು. ಅದನ್ನು ಹದಿನಾಲ್ಕು ಸಲ ಕೂಡಿದರೆ ಆರು ನಿಮಿಷ ಸಿಕ್ಕಿತು. ಉಳಿದ ಒಂದು ನಿಮಿಷ ಊಟದ ಪಾಳಿಯದ್ದು ಅಂತ ಒಮ್ಮತಕ್ಕೆ ಬಂದರು. ಪರಿಹಾರವನ್ನೂ ಅವರೇ ಹೇಳಿದರು: ಒಂದೇ ಹೊತ್ತು ತೆಗೆದುಕೊಳ್ಳುವ ಎರಡು ಬಟ್ಟಲು ಇಟ್ಟುಕೊಳ್ಳುವುದು, ಒಂದು ಮುಳುಗಿದ ತಕ್ಷಣ ಇನ್ನೊಂದನ್ನು ಬಿಡುವುದು. ಹಾಗೆ ಮಾಡಿದ ದಿನ ವ್ಯತ್ಯಾಸ ಒಂದೂವರೆ ನಿಮಿಷಕ್ಕೆ ಇಳಿಯಿತು.

ಖರ್ಚು, ಮತ್ತು ಈಗಿನ ಸ್ಥಿತಿ

ಎಂ-ಸೀಲ್ ₹240, ವಾಷರ್ ₹130, ಮರಳು ಕಾಗದ ₹90, ಮುರಿದವೂ ಸೇರಿ ಡ್ರಿಲ್ ಬಿಟ್ ₹120, ಸೂಜಿಗಳಿಗೆ ₹40, ಪಾರ್ಸಲ್ ಡಬ್ಬ ಐದಕ್ಕೆ ₹30. ಒಟ್ಟು ₹650, ಮಗುವಿಗೆ ₹25 ಬಿತ್ತು. ಕಣ್ಣಿರುವ ಹೋಳುಗಳನ್ನೇ ಮೊದಲಿಂದ ಬಳಸಿದ್ದರೆ ಬಿಟ್ಟಿನ ₹120 ಉಳಿಯುತ್ತಿತ್ತು. ಬಕೆಟ್, ತಟ್ಟೆ, ತಕ್ಕಡಿ ಶಾಲೆಯದ್ದೇ.

ಇನ್ನೂ ಬಗೆಹರಿಯದ ಒಂದು ತೊಂದರೆ ಇದೆ. ಕರಟ ಒದ್ದೆಯಾಗಿಯೇ ಇದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಕೊಬ್ಬರಿ ಎಣ್ಣೆ ಸವರಿದೆವು. ಬೂಷ್ಟು ಕಮ್ಮಿಯಾಯಿತು, ಆದರೆ ಎಣ್ಣೆ ತೂತಿನ ಹತ್ತಿರ ಹೋದರೆ ನೀರು ಮತ್ತೆ ಉಬ್ಬಿ ನಿಲ್ಲುತ್ತದೆ. ಈಗ ಎರಡು ಬಟ್ಟಲಿಗೆ ಒಳಗೆ ತೆಳುವಾಗಿ ವಾರ್ನಿಷ್ ಬಳಿದು ಇಟ್ಟಿದ್ದೇವೆ, ಅವನ್ನು ದಿನಾ ನೀರಿಗೆ ಬಿಡುತ್ತಿದ್ದಾರೆ. ಉಳಿದ 24 ಮಕ್ಕಳು ತಮ್ಮ ಬಟ್ಟಲನ್ನು ಮನೆಗೆ ಒಯ್ದಿದ್ದಾರೆ, ಜೊತೆಗೆ ಒಂದೊಂದು ತಗಡಿನ ತುಂಡು ಮತ್ತು ಒಂದು ಹೊಲಿಗೆ ಸೂಜಿ.